ಕಾಯುವ ಸಾರು, ಕಾಯದ ಕಾಫಿ

ಮೊದಲ ವಾರ ನನ್ನ ರಾತ್ರಿ ಊಟ ಎರಡು ಬನ್ನು, ಒಂದು ಲೋಟ ಕಪ್ಪು ಕಾಫಿ. ಅಡುಗೆ ಬರುತ್ತಿರಲಿಲ್ಲ ಅಂತಲ್ಲ. ಅನ್ನ, ಸಾರು, ಮುದ್ದೆ, ಎರಡು ಮೂರು ತರದ ಪಲ್ಯ ಎಲ್ಲ ಬರುತ್ತೆ. ಬೆಂಗಳೂರಿನ ರೂಮಿನಲ್ಲಿ ನಾಲ್ಕು ವರ್ಷ ನಾನೇ ಬೇಯಿಸಿಕೊಂಡು ತಿಂದವನು. ಆದರೆ ಕಾಫಿ ಕೊಯ್ಲಿನ ದಿನಗಳಲ್ಲಿ, ಅದೂ ಪಲ್ಪರ್ ಮನೆಯಲ್ಲಿ, ಅಂದರೆ ಕೊಯ್ದ ಹಣ್ಣಿನ ಸಿಪ್ಪೆ ಬಿಡಿಸೋ ಜಾಗದಲ್ಲಿ, ಕೆಲಸ ಇಟ್ಟುಕೊಂಡವನಿಗೆ, ಅಡುಗೆ ಬರೋದು ಬೇರೆ, ಅಡುಗೆ ಆಗೋದು ಬೇರೆ.

ನಮ್ಮದು ಅರಸೀಕೆರೆ ಸೀಮೆ. ತೆಂಗು, ರಾಗಿ, ಹುರುಳಿ. ಮಳೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಲ್ಲಿಂದ ಕಡೂರು ದಾಟಿ, ಚಿಕ್ಕಮಗಳೂರಿನಲ್ಲಿ ಬಸ್ಸು ಬದಲಿಸಿ ಆಲ್ದೂರು ದಾರಿ ಹಿಡಿದರೆ ಅರ್ಧ ದಿನದಲ್ಲಿ ಊಟವೇ ಬದಲಾಗಿಬಿಡುತ್ತೆ. ರಾಗಿ ಮುಗಿದು ಅಕ್ಕಿ ಶುರು. ತೆಂಗಿನ ಸಾಲು ಹೋಗಿ ಸಿಲ್ವರ್ ಮರ, ಅದನ್ನು ತಬ್ಬಿದ ಕಾಳುಮೆಣಸಿನ ಬಳ್ಳಿ, ಕೆಳಗೆ ಕಾಫಿ. ಮಾವನ ಪರಿಚಯದವರ ತೋಟದಲ್ಲಿ ಮೂರು ತಿಂಗಳ ಮಟ್ಟಿಗೆ ಪಲ್ಪರ್ ಮನೆ ನೋಡಿಕೊಳ್ಳೋಕೆ ಒಬ್ಬ ಹುಡುಗ ಬೇಕಿತ್ತು. ಬೆಂಗಳೂರಿನ ಕೆಲಸ ಹೋಗಿ ನಾನು ಸುಮ್ನೆ ಮನೆಯಲ್ಲಿದ್ದೆ. ನವೆಂಬರ್ ಕೊನೆಗೆ ಹೊರಟೆ. ಅಮ್ಮ ಹತ್ತು ಸೇರು ರಾಗಿ ಹಿಟ್ಟು, ಐದು ತೆಂಗಿನಕಾಯಿ, ಒಂದು ಚೀಲ ಹುರುಳಿ ಕಟ್ಟಿಕೊಟ್ಟರು. "ಅಲ್ಲೆಲ್ಲ ಅಕ್ಕಿ ರೊಟ್ಟಿ ಕಣೋ, ನಿಂಗೆ ಹೊಟ್ಟೆ ತುಂಬಲ್ಲ" ಅಂದರು. ನಾನು ನನ್ನ ಪಾಡಿಗೆ ಇಂಡಕ್ಷನ್ ಒಲೆಯೊಂದನ್ನು ಬ್ಯಾಗಿಗೆ ತುರುಕಿಕೊಂಡೆ. ಬುದ್ಧಿವಂತಿಕೆ ಅಂದುಕೊಂಡಿದ್ದೆ.

ಲೈನು ಮನೆಯ ಕೊನೆಯ ಕೋಣೆ ನನ್ನದು. ಲೈನು ಅಂದರೆ ತೋಟದಲ್ಲಿ ಆಳುಗಳಿಗೆ ಕಟ್ಟಿಸಿದ ಸಾಲು ಮನೆ. ಒಂದು ಕೋಣೆ, ಹಿಂದೆ ಹೆಂಚಿನ ಇಳಿಜಾರಿನ ಕೆಳಗೆ ಅಡುಗೆ ಜಾಗ, ಮಣ್ಣಿನ ಒಲೆ. ಮೊದಲ ಸಂಜೆ ಇಂಡಕ್ಷನ್ ಹಾಕಿದೆ. ಎರಡು ಸಲ ಕೀಂ ಅಂತ ಕೂಗಿ ಆರಿತು. ವೋಲ್ಟೇಜ್ ಸಾಲದು. ಬಲ್ಬೇ ನಿಂಬೆಹಣ್ಣಿನ ಬಣ್ಣಕ್ಕೆ ಉರಿಯುತ್ತಿತ್ತು, ಅದು ನೋಡಿಯಾದರೂ ಗೊತ್ತಾಗಬೇಕಿತ್ತು. ತೋಟದ ರೈಟರ್ ಬಂದು ನೋಡಿ ನಕ್ಕರು. ರೈಟರ್ ಅಂದರೆ ಬರೆಯೋರು ಅಂತ ತಿಳಿಯಬೇಡಿ. ಆಳು ಲೆಕ್ಕ, ತೂಕದ ಲೆಕ್ಕ, ಯಾವ ಬ್ಲಾಕಿನಲ್ಲಿ ಯಾವತ್ತು ಕೊಯ್ಲು ಅನ್ನೋದೆಲ್ಲ ಅವರ ಕೈಯಲ್ಲಿ. "ಅದ್ನ ಕಟ್ಟಿಡಪ್ಪ. ಸೌದೆ ಬೇಕಾದಷ್ಟಿದೆ" ಅಂದರು.

ಆ ಸೌದೆಗೂ ಒಂದು ಕತೆಯಿದೆ. ಅರೇಬಿಕಾ ಜಾತಿಯ ಕಾಫಿ ಗಿಡಕ್ಕೆ ಬೋರರ್ ಅಂತ ಒಂದು ಕಾಟ. ಬಿಳಿ ಕಾಂಡಕೊರಕ. ದುಂಬಿ ತೊಗಟೆಯ ಬಿರುಕಿನಲ್ಲಿ ಮೊಟ್ಟೆ ಇಡುತ್ತೆ, ಮರಿಹುಳು ಒಳಗೆ ಕೊರೆಯುತ್ತಾ ಹೋಗುತ್ತೆ, ಗಿಡ ಹಳದಿಯಾಗಿ ಬಾಡುತ್ತೆ. ಹಾಗೆ ಹಿಡಿದ ಗಿಡವನ್ನು ಕಿತ್ತು ರಾಶಿ ಹಾಕಿ ಬಿಟ್ಟರೆ ಒಳಗಿನ ಹುಳು ದುಂಬಿಯಾಗಿ ಹಾರಿ ಪಕ್ಕದ ಗಿಡ ಸೇರುತ್ತೆ. ಬೇಗ ಸುಡಬೇಕು. ಹಾಗಾಗಿ ನಮ್ಮ ಲೈನಿನ ಒಲೆಗಳಿಗೆ ಕಾಫಿ ಬೊಡ್ಡೆಗೆ ಬರವಿರಲಿಲ್ಲ. ಸಿಲ್ವರ್ ಕೊಂಬೆ ಭಗ್ ಅಂತ ಹತ್ತಿಕೊಂಡು ಬೂದಿಯಾಗುತ್ತೆ, ನೀರು ಕಾಯಿಸೋಕೆ ಅಷ್ಟೇ. ಕಾಫಿ ಬೊಡ್ಡೆ ಹಾಗಲ್ಲ. ಹತ್ತಿಕೊಳ್ಳೋಕೆ ಹಟ ಮಾಡುತ್ತೆ, ಹತ್ತಿತು ಅಂದರೆ ಕೆಂಡ ರಾತ್ರಿಯಿಡೀ ನಿಲ್ಲುತ್ತೆ. ಈ ಕೆಂಡವೇ ಆಮೇಲೆ ನನ್ನ ಕೈ ಹಿಡಿಯಿತು.

ನನ್ನ ಕೆಲಸದ ಗಡಿಯಾರ ಹೇಳಿದರೆ ಬನ್ನಿನ ಕತೆ ಅರ್ಥವಾಗುತ್ತೆ. ಬೆಳಿಗ್ಗೆ ಎಂಟಕ್ಕೆ ಆಳುಗಳು ಸೊಂಟಕ್ಕೆ ಚೀಲ ಕಟ್ಟಿಕೊಂಡು ಸಾಲಿಗೆ ಇಳಿಯುತ್ತಾರೆ. ಸಂಜೆ ನಾಲ್ಕೂವರೆಗೆ ತೂಕ. ಹಣ್ಣು ಟ್ರ್ಯಾಕ್ಟರಿನಲ್ಲಿ ಪಲ್ಪರ್ ಮನೆಗೆ ಬರೋದು ಐದೂವರೆ, ಆರು. ಆಗ ನನ್ನ ದಿನ ಶುರು. ಕೊಯ್ದ ಹಣ್ಣನ್ನು ಅವತ್ತೇ ಪಲ್ಪ್ ಮಾಡಬೇಕು, ಮರುದಿನಕ್ಕೆ ಇಡೋ ಹಾಗಿಲ್ಲ. ಹಣ್ಣನ್ನು ನೀರಿನ ತೊಟ್ಟಿಗೆ ಸುರಿದರೆ ಜೊಳ್ಳು, ಒಣಗಿದ್ದು ತೇಲುತ್ತೆ, ಅದನ್ನು ಬೇರೆ ತೆಗೆಯಬೇಕು. ಗಟ್ಟಿ ಹಣ್ಣು ಪಲ್ಪರಿಗೆ ಹೋಗಿ ಸಿಪ್ಪೆ ಒಂದು ಕಡೆ, ಲೋಳೆ ಮೆತ್ತಿದ ಬೀಜ ಒಂದು ಕಡೆ ಬೀಳುತ್ತೆ. ಪಲ್ಪರ್ ಬಿಗಿ ಜಾಸ್ತಿಯಾದರೆ ಬೀಜಕ್ಕೆ ಗಾಯ, ಸಡಿಲಾದರೆ ಸಿಪ್ಪೆ ಬೀಜದ ಜೊತೆಗೇ ಬರುತ್ತೆ. ಹತ್ತು ನಿಮಿಷಕ್ಕೊಮ್ಮೆ ಬೊಗಸೆಯಲ್ಲಿ ಹಿಡಿದು ನೋಡಬೇಕು. ಕರೆಂಟು ಇದ್ದರೆ ಮೋಟರು, ಇಲ್ಲದಿದ್ದರೆ ಡೀಸೆಲ್ ಎಂಜಿನ್. ಮುಗಿಯೋದು ಹತ್ತು, ಕೆಲವು ದಿನ ಹನ್ನೊಂದೂವರೆ. ಅಷ್ಟೊತ್ತಿಗೆ ಚಳಿಯಲ್ಲಿ ಬೆರಳು ಮರಗಟ್ಟಿರುತ್ತೆ, ಬಟ್ಟೆಯೆಲ್ಲ ಒದ್ದೆ, ಮೈಗೆಲ್ಲ ಹಣ್ಣಿನ ಸಿಹಿ ಹುಳಿ ವಾಸನೆ. ಒಲೆ ಹಚ್ಚಿ ಮುದ್ದೆ ತಿರುವೋ ಚೈತನ್ಯ ಎಲ್ಲಿಂದ ಬರಬೇಕು?

ಅಷ್ಟಕ್ಕೇ ಮುಗಿಯಲ್ಲ. ಬೀಜ ತೊಟ್ಟಿಯಲ್ಲಿ ಹುಳಿ ಬರುತ್ತಾ ಕೂತಿರುತ್ತೆ. ಅರೇಬಿಕಾಕ್ಕೆ 24ರಿಂದ 36 ಗಂಟೆ. ಚಳಿ ಜಾಸ್ತಿಯಿದ್ದರೆ ಇನ್ನೂ ಸ್ವಲ್ಪ. ಲೋಳೆ ಕರಗಿದ ಹೊತ್ತಿಗೆ ಸರಿಯಾಗಿ ತೊಳೆಯಬೇಕು. ಗಡಿಯಾರ ನೋಡಿ ತೊಳೆಯೋದಲ್ಲ, ಕೈಯಲ್ಲಿ ನೋಡಿ. ಒಂದು ಹಿಡಿ ತೆಗೆದು ನೀರಲ್ಲಿ ಉಜ್ಜಿದರೆ ಜಾರಬಾರದು, ಮರಳುಗಲ್ಲಿನ ಹಾಗೆ ಚರಚರ ಅನ್ನಬೇಕು. ರಾಶಿಯೊಳಗೆ ಕೋಲು ಚುಚ್ಚಿ ತೆಗೆದರೆ ತೂತು ಹಾಗೇ ನಿಲ್ಲಬೇಕು. ಈ ಹೊತ್ತು ಬೆಳಗಿನ ಜಾವ ನಾಲ್ಕಕ್ಕೂ ಬರಬಹುದು, ಮಧ್ಯಾಹ್ನ ಊಟಕ್ಕೆ ಕೂತಾಗಲೂ ಬರಬಹುದು. ಅದು ನಮಗೆ ಅಂತ ಕಾಯಲ್ಲ.

ನನ್ನ ಗೆಳೆಯನೊಬ್ಬ ನಂದಿಬೆಟ್ಟದ ಕಡೆ ಒಂದು ವೈನರಿಯಲ್ಲಿ ಸೀಸನ್ ಕೆಲಸ ಮಾಡಿದವನು. ದ್ರಾಕ್ಷಿ ಕೊಯ್ಲು ಅಲ್ಲಿ ಚಳಿ ಕಳೆದ ಮೇಲೆ. ಫೋನಿನಲ್ಲಿ ನನ್ನ ಗೋಳು ಕೇಳಿ, "ಅಲ್ಲೂ ಇದೇ ಕತೆ ಕಣೋ, ಟ್ಯಾಂಕ್ ಕೂಗಿದಾಗ ಹೋಗ್ಬೇಕು, ನಾನು ಎರಡು ತಿಂಗಳು ಕುಕ್ಕರಿನ ಬಿಸಿಬೇಳೆ ಭಾತ್ ತಿಂದೆ" ಅಂದ. ಅವನ ಟ್ಯಾಂಕಿನಲ್ಲಿ ಯೀಸ್ಟು ಸಕ್ಕರೆ ತಿಂದು ಮದ್ಯ ಮಾಡುತ್ತೆ, ಅದೇ ಅಲ್ಲಿ ಬೇಕಾಗಿರೋದು. ನನ್ನ ತೊಟ್ಟಿಯಲ್ಲಿ ಹುಳಿ ಬರೋದು ಬರೀ ಲೋಳೆ ಬಿಡಿಸೋಕೆ. ಬಿಟ್ಟ ಮೇಲೂ ಮುಂದುವರಿದರೆ ಬೀಜವೇ ಹಾಳು. ಅವನಿಗೆ ರುಚಿ ಹುಟ್ಟೋ ಜಾಗ ನನಗೆ ರುಚಿ ಕೆಡೋ ಜಾಗ.

ಎಂಟನೇ ದಿನ ಬನ್ನು ನೋಡಿದರೇ ಓಕರಿಕೆ ಬರೋ ಹಾಗಾಯಿತು. ಪಲ್ಪಿಂಗ್‌ಗೆ ಮೊದಲು, ಐದು ಗಂಟೆಗೆ, ಕುಕ್ಕರಿನಲ್ಲಿ ಅವರೆಕಾಳು ಇಟ್ಟೆ. ಎರಡು ಸೀಟಿ ಆದ ಮೇಲೆ ಬಂದು ಇಳಿಸೋಣ ಅಂತ. ಅಷ್ಟರಲ್ಲಿ ಟ್ರ್ಯಾಕ್ಟರ್ ಬಂತು. ಪಲ್ಪರಿನ ಸದ್ದಿನಲ್ಲಿ ಸೀಟಿ ಎಲ್ಲಿ ಕೇಳಬೇಕು? ಏಳೂವರೆಗೆ ಪಕ್ಕದ ಕೋಣೆಯ ಹುಡುಗ ಓಡಿಬಂದು "ಅಣ್ಣಾ, ನಿಮ್ಮನೇಲಿ ಹೊಗೆ" ಅಂದ. ಕಾಳು ಕುಕ್ಕರಿನ ತಳಕ್ಕೆ ಕಲ್ಲಿದ್ದಲಾಗಿ ಕೂತಿತ್ತು. ಮೂರು ದಿನ ಬೂದಿ ಹಾಕಿ ಉಜ್ಜಿದೆ.

ಪಕ್ಕದ ಕೋಣೆಯಲ್ಲಿದ್ದದ್ದು ಕೊಪ್ಪಳದ ಕಡೆಯಿಂದ ಕೊಯ್ಲಿಗೆ ಬಂದ ಒಂದು ಸಂಸಾರ. ಆ ಹುಡುಗನ ಅಜ್ಜಿಯನ್ನು ಲೈನಿನವರೆಲ್ಲ ಅವ್ವ ಅಂತಲೇ ಕರೆಯೋದು. ಅವತ್ತು ರಾತ್ರಿ ಹನ್ನೊಂದಕ್ಕೆ ನಾನು ಬಂದಾಗ ನನ್ನ ಬಾಗಿಲಲ್ಲಿ ಬಟ್ಟೆ ಮುಚ್ಚಿದ ತಟ್ಟೆ ಇತ್ತು. ಎರಡು ಖಡಕ್ ರೊಟ್ಟಿ, ಶೇಂಗಾ ಚಟ್ನಿ ಪುಡಿ, ಅರ್ಧ ಈರುಳ್ಳಿ. ಚಳಿಯಲ್ಲಿ ನಿಂತೇ ತಿಂದೆ. ರೊಟ್ಟಿ ಮುರಿಯೋ ಸದ್ದಿಗೆ ನಾಯಿ ಎದ್ದು ಬೊಗಳಿತು.

ಬೆಳಿಗ್ಗೆ ತಟ್ಟೆ ವಾಪಸ್ ಕೊಡುವಾಗ ಕೇಳಿದೆ, ಈ ರೊಟ್ಟಿ ಯಾವಾಗ ಮಾಡಿದ್ದು ಅಂತ. "ಊರಾಗ ಮಾಡಿದ್ದು ತಮ್ಮಾ. ಹದಿನೈದ್ ದಿನಾತು. ಇನ್ನೂ ಅರ್ಧಾ ಗಂಟು ಐತಿ" ಅಂದರು. ಅವರ ಕಡೆ ಹೀಗೆ ಕೆಲಸಕ್ಕೆ ಊರು ಬಿಟ್ಟು ಹೋಗೋದಕ್ಕೆ ಗುಳೆ ಅನ್ನುತ್ತಾರೆ. ಹೊರಡೋ ಮುಂಚೆ ನಾಲ್ಕು ದಿನ ಕೂತು ಜೋಳದ ರೊಟ್ಟಿ ಬಡಿದು, ಒಣಗಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿಕೊಂಡು ಬರುತ್ತಾರೆ. ಜೊತೆಗೆ ಶೇಂಗಾ, ಗುರೆಳ್ಳು, ಅಗಸಿ ಹಿಂಡಿ. ಮೊದಲ ಮೂರು ವಾರ ಒಲೆ ಹತ್ತದಿದ್ದರೂ ಯಾರೂ ಉಪವಾಸ ಬೀಳಲ್ಲ. ನಾನು ಹೊರಟಾಗ ನನ್ನ ತಲೆಯಲ್ಲಿದ್ದದ್ದು ಏನು ಬೇಯಿಸಲಿ ಅಂತ ಮಾತ್ರ. ಅವ್ವ ಹೊರಟಾಗ ಯೋಚಿಸಿದ್ದು ಯಾವುದು ಉಳಿಯುತ್ತೆ ಅಂತ.

ಅಲ್ಲಿಂದ ನಾನು ನನಗೆ ಗೊತ್ತಿದ್ದ ಅಡುಗೆಯನ್ನೆಲ್ಲ ಎರಡು ಪಾಲು ಮಾಡಿದೆ. ನನ್ನನ್ನು ಕಾಯೋ ಅಡುಗೆ, ನಾನು ಕಾಯಬೇಕಾದ ಅಡುಗೆ. ಎರಡನೆಯದನ್ನೆಲ್ಲ ಸಂತೆ ದಿನಕ್ಕೆ ತಳ್ಳಿದೆ.

ಕಾಯೋ ಅಡುಗೆಯಲ್ಲಿ ಎಲ್ಲಕ್ಕಿಂತ ದೊಡ್ಡದು ಹುರುಳಿ. ಊರಲ್ಲಿ ಇದಕ್ಕೆ ಬೆಲೆಯೇ ಇಲ್ಲ, ಉಳುವ ಎತ್ತಿಗೆ ಬೇಯಿಸಿ ಹಾಕೋ ಕಾಳು, ಬಸಿದ ಕಟ್ಟು ಮನೆಯವರ ಸಾರಿಗೆ. ಅಜ್ಜಿ ಕಾಲದಲ್ಲಿ ಎತ್ತಿನ ಪಾಲು, ನಮ್ಮ ಪಾಲು ಒಂದೇ ಹಂಡೆಯಲ್ಲಿ ಬೇಯುತ್ತಿತ್ತಂತೆ. ನಾನು ಮಾಡಿದ್ದು ಹೀಗೆ. ಮಧ್ಯಾಹ್ನ ಎರಡು ಪಾವು ಹುರುಳಿ ನೆನೆಸಿಡೋದು. ರಾತ್ರಿ ಪಲ್ಪರ್ ತೊಳೆದು ಬಂದ ಮೇಲೆ, ಒಲೆಯಲ್ಲಿ ಎರಡು ಕಾಫಿ ಬೊಡ್ಡೆ ಒಡ್ಡಿ, ದೊಡ್ಡ ಪಾತ್ರೆ ತುಂಬ ನೀರು ಹಾಕಿ ಹುರುಳಿ ಇಟ್ಟು, ಮುಚ್ಚಿ ಮಲಗಿಬಿಡೋದು. ಉರಿ ತಾನೇ ಇಳಿದು ಕೆಂಡವಾಗುತ್ತೆ. ನಾಲ್ಕಕ್ಕೆ ತೊಟ್ಟಿ ನೋಡೋಕೆ ಏಳುವಾಗ ಕಾಳು ಬೆರಳಲ್ಲಿ ಹಿಸುಕಿದರೆ ಹಿಟ್ಟಾಗೋ ಹಾಗೆ ಬೆಂದಿರುತ್ತೆ, ಕಟ್ಟು ಕಂದು ಬಣ್ಣಕ್ಕೆ ತಿರುಗಿರುತ್ತೆ. ಪಾತ್ರೆ ಒಲೆಗಿಡುವ ಮೊದಲು ಹೊರಮೈಗೆ ಬೂದಿ ಕಲಸಿದ ಮಣ್ಣು ಬಳಿಯೋದನ್ನು ಅವ್ವನೇ ಹೇಳಿಕೊಟ್ಟರು. ಮಸಿ ಹತ್ತೋದು ಮಣ್ಣಿಗೆ, ತೊಳೆದರೆ ಎರಡೂ ಒಟ್ಟಿಗೆ ಹೋಗುತ್ತೆ.

ಕಟ್ಟು ಬಸಿದು ಬೇರೆ ಇಡಬೇಕು. ಒಣಮೆಣಸು, ಕೊತ್ತಂಬರಿ ಬೀಜ, ಒಂದು ಚಮಚ ಕಾಳುಮೆಣಸು, ಬೆಳ್ಳುಳ್ಳಿ, ಸುಟ್ಟ ಈರುಳ್ಳಿ, ಅರ್ಧ ಹೋಳು ಕಾಯಿ, ಹಿಡಿ ಬೆಂದ ಹುರುಳಿ ಸೇರಿಸಿ ರುಬ್ಬೋದು. ಮಿಕ್ಸಿ ಓಡಲ್ಲ, ಅದಕ್ಕೂ ವೋಲ್ಟೇಜ್ ಬೇಕಲ್ಲ. ಲೈನಿನ ಮುಂದೆ ಎಲ್ಲರಿಗೂ ಸೇರಿದ ಒಂದು ಒರಳು ಇತ್ತು. ಕಾಳುಮೆಣಸು ಕಾಲ ಬುಡದಲ್ಲೇ ಬಿದ್ದಿರುತ್ತಿತ್ತು, ಅಂಗಡಿಗೆ ಹೋಗೋ ಮಾತೇ ಇಲ್ಲ. ಹುಣಸೆಹಣ್ಣು ಹಾಕಿ ಕುದಿಸಿದರೆ ಸಾರು. ಮೊದಲ ದಿನ ಚೆನ್ನಾಗಿರುತ್ತೆ. ಎರಡನೇ ದಿನ ಇನ್ನೂ ಚೆನ್ನಾಗಿರುತ್ತೆ. ಮೂರನೇ ದಿನ ಅದು ಬೇರೆಯೇ ಪದಾರ್ಥ, ಗಟ್ಟಿಯಾಗಿ, ಕಪ್ಪಾಗಿ, ಅನ್ನಕ್ಕೆ ಒಂದು ಸೌಟು ಸಾಕು. ದಿನಕ್ಕೆ ಒಂದು ಸಲ ಕುದಿಸಿದರೆ ಆಯಿತು, ಆ ಚಳಿಗೆ ನಾಲ್ಕು ದಿನ ಹಳಸಲಿಲ್ಲ. ಉಳಿದ ಕಾಳಿಗೆ ಈರುಳ್ಳಿ ಒಗ್ಗರಣೆ ಕೊಟ್ಟು ಉಸಲಿ. ಒಂದು ರಾತ್ರಿಯ ಕೆಂಡಕ್ಕೆ ನಾಲ್ಕು ದಿನದ ಊಟ.

ಮುದ್ದೆಯ ಲೆಕ್ಕ ಕಷ್ಟದ್ದು. ಮುದ್ದೆ ಕಾಯಲ್ಲ. ಬಿಸಿಯಲ್ಲಿ ನುಂಗಿದರೆ ನುಂಗಿದ ಹಾಗೆ, ಆರಿದರೆ ಕಲ್ಲು. ಆದರೆ ಬಯಲು ಸೀಮೆಯವರಿಗೆ ಆರಿದ ಮುದ್ದೆಗೂ ಒಂದು ದಾರಿ ಗೊತ್ತು. ಮಧ್ಯಾಹ್ನ ಒಂದು ಗಂಟೆಯ ಬಿಡುವಿನಲ್ಲಿ ಮುದ್ದೆ ಮಾಡಿ ಒಂದು ಬಿಸಿಬಿಸಿ ತಿನ್ನೋದು, ಇನ್ನೊಂದು ಇಡೋದು. ಬೆಳಿಗ್ಗೆ ಅದನ್ನು ಮಜ್ಜಿಗೆಗೆ ಕಿವುಚಿ, ಉಪ್ಪು, ಹಸಿ ಈರುಳ್ಳಿ, ಮೆಣಸಿನಕಾಯಿ. ಕಣದಲ್ಲಿ ಬಿಸಿಲಿಗೆ ನಿಂತು ಕಾಫಿ ಕೆರೆಯೋನಿಗೆ ಇದರಂಥ ತಿಂಡಿ ಇಲ್ಲ. ಅವ್ವ ಒಂದು ದಿನ ನಾನು ಮುದ್ದೆ ನುಂಗೋದನ್ನು ನೋಡಿ ದಂಗಾದರು. "ಅಗೀಬಾರ್ದ? ಮತ್ತ ಹಲ್ಲು ಯಾಕ ಕೊಟ್ಟಾನ ದೇವ್ರು?" ಅಂದರು. ಒಂದು ತುತ್ತು ತಿನ್ನಿಸಿದೆ. ಅವರು ಅಗಿದರು. ಹಲ್ಲಿಗೆಲ್ಲ ಅಂಟಿಕೊಂಡು ಐದು ನಿಮಿಷ ಮಾತಾಡಲಿಲ್ಲ.

ಮೆಣಸಿನಕಾಯಿ ಅಂದೆನಲ್ಲ, ಅದು ಜೀರಿಗೆ ಮೆಣಸು. ಕಾಫಿ ಗಿಡದ ಸಂದಿಯಲ್ಲಿ ಹಕ್ಕಿ ಬಿತ್ತಿದ್ದು. ಉಗುರಿನಷ್ಟಿರುತ್ತೆ. ನಮ್ಮೂರಿನ ಲೆಕ್ಕದಲ್ಲಿ ಆರು ಹಾಕಿ ಚಟ್ನಿ ಅರೆದೆ. ಅವತ್ತಿನ ಕತೆ ಬೇಡ.

ದೋಸೆ ಮಾಡೋ ಹುಚ್ಚೂ ಒಂದು ಸಲ ಹತ್ತಿತು. ಅಕ್ಕಿ ಉದ್ದು ರುಬ್ಬಿ ಇಟ್ಟೆ. ಡಿಸೆಂಬರ್ ಮೂರನೇ ವಾರ, ಬೆಳಿಗ್ಗೆ ಬಾಯಿಂದ ಹೊಗೆ ಬರೋ ಚಳಿ. ಬೆಳಿಗ್ಗೆ ನೋಡಿದರೆ ಹಿಟ್ಟು ಇಟ್ಟ ಹಾಗೇ ಇದೆ. ಹೋಗಿ ತೊಟ್ಟಿ ನೋಡಿದರೆ ಅಲ್ಲೂ ಲೋಳೆ ಬಿಟ್ಟಿಲ್ಲ, 34 ಗಂಟೆ ಆಗಿತ್ತು. ಮೇಸ್ತ್ರಿ ಬಂದು ತೊಟ್ಟಿಗೆ ಗೋಣಿ ತಾಟು ಮುಚ್ಚಿಸಿದರು. ನಾನು ಕೋಣೆಗೆ ಬಂದು ಹಿಟ್ಟಿನ ಪಾತ್ರೆಗೂ ಗೋಣಿ ಸುತ್ತಿ ಬಿಸಿಬೂದಿ ಪಕ್ಕ ಇಟ್ಟೆ. ಮಧ್ಯಾಹ್ನ ತೊಟ್ಟಿ ಆಯಿತು, ಸಂಜೆ ಹಿಟ್ಟೂ ಆಯಿತು, ಆದರೆ ಸಂಜೆ ಪಲ್ಪಿಂಗ್. ರಾತ್ರಿ ಹನ್ನೊಂದಕ್ಕೆ ಹುಳಿ ಹಿಟ್ಟಲ್ಲಿ ದೋಸೆ ಹುಯ್ದೆ. ಆಮೇಲೆ ದೋಸೆ ಬಿಟ್ಟೆ, ನೀರು ದೋಸೆ ಹಿಡಿದೆ. ಅಕ್ಕಿ ನೆನೆಸಿ ನುಣ್ಣಗೆ ಅರೆದು, ಕಾಯಿ ತುರಿ, ಉಪ್ಪು, ನೀರು. ಹುಳಿ ಬರಬೇಕಾಗಿಲ್ಲ. ಹುಳಿ ಬರಿಸೋ ಕೆಲಸವೇ ಸಂಬಳಕ್ಕೆ ಮಾಡೋನು ಮನೆಯಲ್ಲೂ ಅದನ್ನೇ ಯಾಕೆ ಮಾಡಬೇಕು, ಅಲ್ವಾ?

ಅಕ್ಕಿ ರೊಟ್ಟಿ ಕಲಿಸಿದ್ದು ರೈಟರ್ ಮನೆಯ ಅಮ್ಮ. ಮಲೆನಾಡಿನ ಅಕ್ಕಿ ರೊಟ್ಟಿ ನಮ್ಮ ಕಡೆಯ ತಟ್ಟಿದ ರೊಟ್ಟಿಯಲ್ಲ, ಈರುಳ್ಳಿ ಸಬ್ಬಸಿಗೆ ಏನೂ ಇರಲ್ಲ. ನೀರು ಕುದಿಸಿ ಹಿಟ್ಟು ಹಾಕಿ ಉಕ್ಕರಿಸಿ, ಬಿಸಿಯಲ್ಲೇ ನಾದಿ, ತೆಳ್ಳಗೆ ಮಾಡಿ, ಕಾವಲಿ ಮೇಲೆ ಅರ್ಧ ಬೇಯಿಸಿ, ಕೆಂಡದ ಮೇಲೆ ಹಾಕಿದರೆ ಬುಸ್ಸಂತ ಉಬ್ಬುತ್ತೆ. "ನಿನ್ನೆ ಅನ್ನ ಉಳಿದಿದ್ರೆ ಅದನ್ನೂ ಹಿಸುಕಿ ಹಾಕು ಮಗಾ, ಮೆತ್ತಗಿರುತ್ತೆ" ಅಂದರು. ಆ ಒಂದು ಮಾತು ನನಗೆ ಬೇಕಾಗಿದ್ದು. ಅಲ್ಲಿಂದ ಉಳಿದ ಅನ್ನ ನನ್ನ ಪಾಲಿಗೆ ಹಳೆಯದಲ್ಲ, ನಾಳೆಯ ರೊಟ್ಟಿ. ನನ್ನ ರೊಟ್ಟಿ ಕೊನೆಯವರೆಗೂ ಭಾರತದ ನಕ್ಷೆಯ ಹಾಗೇ ಇತ್ತು. ಕೆಲವು ದಿನ ಶ್ರೀಲಂಕಾ ಬೇರೆ ಬೀಳುತ್ತಿತ್ತು.

ಬಾಳೆಹಣ್ಣು ಮಾತ್ರ ಕೋಣೆಯಲ್ಲಿ ಇಡಬಾರದು ಅಂತ ಮೊದಲ ದಿನವೇ ಹೇಳಿದ್ದರು. ನಾನು ಸಂತೆಯಿಂದ ಒಂದು ಗೊನೆ ಪುಟ್ಟಬಾಳೆ ತಂದು ಜಂತಿಗೆ ನೇತು ಹಾಕಿದ್ದೆ, ಅದೂ ಕಾಯೋ ತಿಂಡಿ ಅಂತ. ಮೇಸ್ತ್ರಿ ನೋಡಿ ಬೈದು ಇಳಿಸಿ ಲೈನಿನ ಮಕ್ಕಳಿಗೆಲ್ಲ ಹಂಚಿಬಿಟ್ಟರು. ಆನೆಗೆ ವಾಸನೆ ಸಾಕು. ಅಕ್ಕಿ, ಉಪ್ಪಿನ ಆಸೆಗೆ ಗೋಡೆ ಒಡೆದ ಕತೆ ಆ ಸೀಮೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಆಲೂರು, ಸಕಲೇಶಪುರ, ಬೇಲೂರು, ಮೂಡಿಗೆರೆ ಎಲ್ಲ ಕಡೆಯೂ ಇದೇ ಭಯ. ಜನವರಿಯಲ್ಲಿ ಎರಡು ದಿನ ಪಕ್ಕದ ತೋಟದಲ್ಲಿ ಆನೆ ಇದೆ ಅಂತ ಕೊಯ್ಲೇ ನಿಂತಿತ್ತು. ಹಣ್ಣಿಲ್ಲ, ಪಲ್ಪಿಂಗ್ ಇಲ್ಲ. ಬಾಗಿಲು ಹಾಕಿಕೊಂಡು ಹುರುಳಿ ಸಾರು ತಿಂದುಕೊಂಡು ಕೂತಿದ್ದೆ.

ಸಂತೆ ದಿನ ಕೊಯ್ಲಿಗೆ ರಜೆ. ಆಳುಗಳೆಲ್ಲ ಜೀಪು ಹತ್ತಿ ವಾರದ ಸಾಮಾನಿಗೆ ಹೋಗುತ್ತಾರೆ. ಡಿಸೆಂಬರ್, ಜನವರಿ ಅಂದರೆ ಅವರೆಕಾಯಿ ಕಾಲವೂ ಹೌದು. ಬಯಲು ಸೀಮೆಯಿಂದ ಮೂಟೆಗಟ್ಟಲೆ ಬರುತ್ತೆ, ಇಬ್ಬನಿ ಬಿದ್ದು ಸೊಗಡು ಏರಿದ ಕಾಯಿ. ಕೈಗೆ ಹತ್ತಿದ ವಾಸನೆ ರಾತ್ರಿಯವರೆಗೂ ಹೋಗಬಾರದು, ಅದೇ ಒಳ್ಳೆ ಅವರೆ. ನಾಲ್ಕು ಕೆಜಿ ತಂದೆ. ಇದು ಪೂರಾ ನಾವು ಕಾಯಬೇಕಾದ ಅಡುಗೆ. ಬಿಡಿಸಬೇಕು, ನೆನೆಸಬೇಕು, ಒಂದೊಂದೇ ಹಿತುಕಬೇಕು. ಲೈನಿನ ಜಗಲಿಯಲ್ಲಿ ಚಾಪೆ ಹಾಸಿ ಕೂತೆ. ಅವ್ವನ ಮೊಮ್ಮಗ, ಇನ್ನೂ ಮೂರು ಹುಡುಗರು ಬಂದು ಸೇರಿಕೊಂಡರು. ಎರಡು ಬೆರಳಲ್ಲಿ ಒತ್ತಿದರೆ ಬೇಳೆ ಪಟ್ ಅಂತ ಹಾರುತ್ತೆ. ಹುಡುಗರಿಗೆ ಅದು ಆಟ, ಅರ್ಧ ಬೇಳೆ ಒಬ್ಬರ ಮೇಲೊಬ್ಬರು ಹಾರಿಸಿದರು. ಅಸ್ಸಾಮಿನಿಂದ ಬಂದಿದ್ದ ಇಬ್ಬರು ಹುಡುಗರು ದೂರದಲ್ಲಿ ಸಾಸಿವೆ ಎಣ್ಣೆಯಲ್ಲಿ ಮೀನು ಕರಿಯುತ್ತಾ ನಮ್ಮನ್ನು ನೋಡಿ ನಗುತ್ತಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಶುರು ಮಾಡಿದ್ದು ನಾಲ್ಕಕ್ಕೆ ಮುಗಿಯಿತು. ಹಿತುಕಿದ ಬೇಳೆ ಸಾರು, ಮುದ್ದೆ. ಗಸಗಸೆ, ಚಕ್ಕೆ, ಲವಂಗ, ಹಸಿ ಕೊತ್ತಂಬರಿ, ಕಾಯಿ, ಎಲ್ಲ ಧಾರಾಳ. ಏಲಕ್ಕಿ ಬೇಕಂದರೆ ತೋಟದ್ದೇ. ಅವ್ವನ ಮನೆಗೊಂದು ಪಾತ್ರೆ, ರೈಟರ್ ಮನೆಗೊಂದು ಪಾತ್ರೆ ಹೋಯಿತು. ಅಸ್ಸಾಮಿನ ಹುಡುಗರು ಒಂದು ಬಟ್ಟಲು ತೆಗೆದುಕೊಂಡು ಎರಡು ತುಂಡು ಮೀನು ಕೊಟ್ಟರು. ನಾನು ಮೂರು ಮುದ್ದೆ ತಿಂದೆ. ಮೂರು.

ಆ ಊಟ ನನಗೆ ದುಬಾರಿಯಾಯಿತು.

ಹಿಂದಿನ ಸಂಜೆ ತುಂಬಿದ ತೊಟ್ಟಿಯೊಂದಿತ್ತು. ಬಂದಿದ್ದ ಚಳಿಯ ಲೆಕ್ಕದಲ್ಲಿ ಮರುದಿನ ಬೆಳಗಿನ ಜಾವ ತೊಳೆಯಬೇಕು, ಮೂರಕ್ಕೆ ಎದ್ದು ನೋಡಬೇಕು ಅಂತ ಅಲಾರಂ ಇಟ್ಟಿದ್ದೆ. ಅವತ್ತು ಸಂಜೆಯಿಂದ ಮೋಡ. ಬಂಗಾಳಕೊಲ್ಲಿಯಲ್ಲಿ ಏನೋ ಆಗಿದೆ ಅಂತ ರೇಡಿಯೋದಲ್ಲಿ ಹೇಳಿದ್ದರು. ಮೋಡ ಮುಚ್ಚಿದರೆ ರಾತ್ರಿ ಸೆಖೆ ಉಳಿಯುತ್ತೆ, ಸೆಖೆ ಇದ್ದರೆ ತೊಟ್ಟಿ ಬೇಗ ಹುಳಿಯಾಗುತ್ತೆ. ಇಷ್ಟು ಲೆಕ್ಕ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೂರು ಮುದ್ದೆಯ ನಿದ್ದೆ ಬಂತು. ಅಲಾರಂ ಹೊಡೆದದ್ದು ಗೊತ್ತೇ ಇಲ್ಲ. ಏಳೂಕಾಲಿಗೆ ರೈಟರ್ ಬಾಗಿಲು ಬಡಿದರು. ಪಲ್ಪರ್ ಮನೆ ಬಾಗಿಲಲ್ಲೇ ವಿನಿಗರಿನ ಹಾಗೆ ಮೂಗಿಗೆ ಹೊಡೆಯಿತು. ಬೀಜ ಕೈಗೆ ತೆಗೆದುಕೊಂಡರೆ ಹೊರಪದರಕ್ಕೆ ಕಂದು ಬಣ್ಣ ಹತ್ತಿತ್ತು. ತೊಳೆದೆವು, ಮತ್ತೆ ತೊಳೆದೆವು. ವಾಸನೆ ಪೂರ್ತಿ ಹೋಗಲಿಲ್ಲ. ಆ ತೊಟ್ಟಿಯದ್ದನ್ನು ಬೇರೆ ಒಣಗಿಸಿ ಬೇರೆ ಚೀಲಕ್ಕೆ ಹಾಕಿ, ಕಮ್ಮಿ ಬೆಲೆಗೆ ಹೋಗೋದರ ಜೊತೆ ಸೇರಿಸಿದರು.

ರೈಟರ್ ಕೂಗಾಡಲಿಲ್ಲ. ಅದೇ ಕಷ್ಟ. ಒಂದು ಹಿಡಿ ಬೀಜ ನನ್ನ ಕೈಗೆ ಹಾಕಿ, "ಐದಾರು ಕೆಜಿ ಹಣ್ಣು ಕುಯ್ದ್ರೆ ಒಂದು ಕೆಜಿ ಬೀಜ ಸಿಗೋದು. ಎಷ್ಟು ಕೈ ಕುಯ್ದಿದೆ ಇದ್ನ, ಲೆಕ್ಕ ಹಾಕು" ಅಂದರು. ಜಗಲಿಯಲ್ಲಿ ಅವ್ವ ಚೀಲ ಕಟ್ಟಿಕೊಳ್ಳುತ್ತಾ ಇದ್ದರು. ಅವರ ಮುಖ ನೋಡೋಕಾಗಲಿಲ್ಲ. ಕೂಲಿ ತೂಕಕ್ಕೆ, ಅವರಿಗೆ ಸೇರಬೇಕಾದ್ದು ಸೇರಿತ್ತು. ಆದರೂ.

ಆಮೇಲೆ ತೊಟ್ಟಿ ತೊಳೆಯೋ ಹಿಂದಿನ ರಾತ್ರಿ ಹೊಟ್ಟೆ ತುಂಬ ತಿನ್ನೋದು ಬಿಟ್ಟೆ. ಗಂಜಿ, ಅದಕ್ಕೊಂದು ಕಂಚಿಕಾಯಿ ಉಪ್ಪಿನಕಾಯಿ ಹೋಳು. ಅರ್ಧ ಹಸಿವಿಟ್ಟುಕೊಂಡು ಮಲಗಿದರೆ ಮೂರಕ್ಕೆ ಹೊಟ್ಟೆಯೇ ಎಬ್ಬಿಸುತ್ತೆ, ಅಲಾರಂ ಬೇಡ. ತೊಳೆದು ಮುಗಿಸಿ ಬಂದು ಕೆಂಡದ ಮೇಲೆ ಕಾಯುತ್ತಿದ್ದ ಸಾರಿಗೆ ಅನ್ನ ಹಾಕಿಕೊಂಡು ಐದು ಗಂಟೆಗೆ ಊಟ. ಬೆಳಗಿನ ಜಾವ ಐದಕ್ಕೆ ಹುರುಳಿ ಸಾರು ಅನ್ನ ಉಣ್ಣೋದನ್ನು ಬೇರೆ ಎಲ್ಲಿ ಮಾಡಿದರೂ ಜನ ವಿಚಿತ್ರವಾಗಿ ನೋಡುತ್ತಾರೆ.

ಕಣದ ಕೆಲಸ ಹೆಚ್ಚು ಹೇಳೋದಕ್ಕಿಲ್ಲ. ತೊಳೆದ ಬೀಜ ತೆಳುವಾಗಿ ಹರಡೋದು, ಗಂಟೆಗೊಮ್ಮೆ ಕೆರೆಯೋದು, ಸಂಜೆ ಗುಡ್ಡೆ ಮಾಡಿ ಮುಚ್ಚೋದು. ಬಿಸಿಲು ಸರಿಯಿದ್ದರೆ ಎಂಟು ಹತ್ತು ದಿನ. ಒಂದು ಅಳತೆ ಡಬ್ಬಿ ತುಂಬಿ ದಿನಾ ತೂಗುತ್ತಾರೆ, ಎರಡು ದಿನ ಒಂದೇ ತೂಕ ಬಂದರೆ ಒಣಗಿತು ಅಂತ. ಕಣದಲ್ಲಿ ನಿಂತಾಗ ಕುಡಿಯೋಕೆ ಬೆಲ್ಲದ ಕಪ್ಪು ಕಾಫಿ ದೊಡ್ಡ ಪಾತ್ರೆಯಲ್ಲಿ ಬರುತ್ತಿತ್ತು. ಅದಕ್ಕೆ ಬಳಸೋದು ತೇಲಿದ ಹಣ್ಣಿನ ಬೀಜದ ಪುಡಿ. ಒಳ್ಳೆಯದೆಲ್ಲ ಚೀಲಕ್ಕೆ. ದೂರದಲ್ಲಿ ಬಾಬಾಬುಡನ್‌ಗಿರಿಯ ಸಾಲು ಕಾಣುತ್ತಿತ್ತು. ಏಳು ಕಾಫಿ ಬೀಜ ತಂದ ಬಾಬಾ ಬುಡನ್ ಅವರ ಕತೆ ಎಲ್ಲರೂ ಹೇಳುತ್ತಾರೆ. ಆ ಬೆಟ್ಟದಲ್ಲಿ ಅವರು ಊಟಕ್ಕೆ ಏನು ಮಾಡಿಕೊಳ್ಳುತ್ತಿದ್ದರೋ ಯಾರೂ ಹೇಳಲ್ಲ.

ಚಗಳಿ ಚಟ್ನಿಯನ್ನು ಒಂದೇ ಸಲ ತಿಂದೆ. ಕೆಂಪಿರುವೆ ಗೂಡು ಕಾಫಿ ಗಿಡದಲ್ಲೇ ಇರುತ್ತೆ, ಕೊಯ್ಯುವಾಗ ಕಚ್ಚಿಸಿಕೊಂಡವರು ಸೇಡು ತೀರಿಸಿಕೊಳ್ಳೋದು ಹೀಗೆ. ಹುರಿದು, ಜೀರಿಗೆ ಮೆಣಸು, ಬೆಳ್ಳುಳ್ಳಿ, ಉಪ್ಪು ಹಾಕಿ ಅರೆಯೋದು. ಹುಳಿ ಇರುವೆಯದ್ದೇ. ಅಕ್ಕಿ ರೊಟ್ಟಿಗೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಫೆಬ್ರವರಿ ಮೊದಲ ವಾರ ಅರೇಬಿಕಾ ಮುಗಿಯಿತು. ಅವ್ವನ ಸಂಸಾರ ರೋಬಸ್ಟಾ ಅನ್ನೋ ಇನ್ನೊಂದು ಜಾತಿಯ ಕಾಫಿ ಕೊಯ್ಲಿಗೆ ಬೇರೆ ತೋಟಕ್ಕೆ ಹೊರಟಿತು. ಟೆಂಪೋ ಹತ್ತೋ ಮುಂಚೆ ನಾನು ಉಳಿದಿದ್ದ ರಾಗಿ ಹಿಟ್ಟು ಕೊಟ್ಟೆ. ಅವ್ವ ಮೂಸಿ ನೋಡಿ, "ರೊಟ್ಟಿ ಬಡೀತೀನಿ ಇದರಾಗ. ನುಂಗೂದಿಲ್ಲ" ಅಂದರು. ಶೇಂಗಾ ಹಿಂಡಿಯ ಡಬ್ಬಿ ನನ್ನ ಕೈಯಲ್ಲಿಟ್ಟರು.

ಊರಿಗೆ ಬಂದ ಮೇಲೆ ಅಮ್ಮ ಕುಕ್ಕರಿನ ತಳ ನೋಡಿ ಹೌಹಾರಿದರು. ಇಂಡಕ್ಷನ್ ಒಲೆ ಮಾತ್ರ ತಂದ ಹಾಗೇ ಪಳಪಳ ಇತ್ತು. ನವೆಂಬರಿಗೆ ರೈಟರ್ ಮತ್ತೆ ಬರಹೇಳಿದ್ದಾರೆ. ಅಷ್ಟಾದ ಮೇಲೂ ಕರೆದರಲ್ಲ ಅಂತ ನನಗೇ ಆಶ್ಚರ್ಯ. ಈ ಸಲ ರಾಗಿ ಕಮ್ಮಿ, ಹುರುಳಿ ಎರಡು ಚೀಲ. ದಪ್ಪ ತಳದ ಒಂದು ಪಾತ್ರೆ ನೋಡಿಟ್ಟಿದ್ದೇನೆ. ಹೊರಡೋಕೆ ನಾಲ್ಕು ದಿನ ಮುಂಚೆ ಜೋಳದ ರೊಟ್ಟಿ ಬಡಿದು ಒಣಗಿಸಬೇಕು ಅಂತ ಅಮ್ಮನಿಗೆ ಹೇಳಿದೆ. "ನಮ್ಮನೇಲಿ ಯಾರಿಗೆ ಬರುತ್ತೋ ಅದು?" ಅಂದರು. ಜೋಳದ ಹಿಟ್ಟು ಐದು ಕೆಜಿ ತಂದಿದ್ದೇನೆ. ಮೂರು ದಿನದಿಂದ ಬಡಿಯುತ್ತಿದ್ದೇನೆ, ಅಂಚು ಒಡೆಯುತ್ತಲೇ ಇದೆ.